ಪರಿಷೆಯ ನೆಗೆಟಿವ್‌ಗಳಿಗೆ ಯಾವ ಪೇಪರ್? ಬಸವನಗುಡಿಯ ಒಂದು ಪ್ರಿಂಟಿಂಗ್ ಪ್ರಕರಣ

ನನ್ನ ಡಾರ್ಕ್‌ರೂಮಿಗೆ ಈ ಕೆಲಸ ಬಂದದ್ದು 2024ರ ಬೇಸಿಗೆ ಶುರುವಾಗುವ ಹೊತ್ತಿಗೆ. ಬಸವನಗುಡಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಎಪ್ಪತ್ತರ ದಶಕದಲ್ಲಿ ಯಾಷಿಕಾ ಟ್ವಿನ್ ಲೆನ್ಸ್ ಕ್ಯಾಮೆರಾ ಹಿಡಿದು ಊರೆಲ್ಲ ಸುತ್ತಿದವರು. ಚೌಕಾಕಾರದ 120 ಸೈಜಿನ ಫಿಲ್ಮ್. ಕೆಲವು ರೋಲುಗಳ ಅಂಚಿನಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಹೆಸರಿತ್ತು. ಹೆಚ್ಚಿನವು ಕಡಲೆಕಾಯಿ ಪರಿಷೆಯ ಚಿತ್ರಗಳು. ಜೊತೆಗೆ ದೊಡ್ಡ ಬಸವಣ್ಣನ ಗುಡಿ, ಮಳೆಯಲ್ಲಿ ನೆನೆದ ಕೆ.ಆರ್. ಮಾರ್ಕೆಟ್. ಅವರ ಮಗಳಿಗೆ ಒಂದು ಡಜನ್ ಪ್ರಿಂಟ್ ಬೇಕಿತ್ತು. ಮನೆಯ ಹಜಾರದಲ್ಲಿ ಫ್ರೇಮ್ ಹಾಕಿಸಿ ತೂಗುಹಾಕುವುದಕ್ಕೆ. ಸ್ಕ್ಯಾನ್ ಮಾಡಿ ಇಂಕ್‌ಜೆಟ್ ತೆಗೆಸುವುದು ಬೇಡ, ಡಾರ್ಕ್‌ರೂಮಿನಲ್ಲೇ ಆಗಬೇಕು ಎಂಬುದು ಮೇಷ್ಟ್ರ ಹಠ.

ಮಗಳು ಜೊತೆಗೆ ಒಂದು ಹಳೆ ಪ್ರಿಂಟ್ ತಂದಿದ್ದರು. ಮೇಷ್ಟ್ರೇ ಆ ಕಾಲದಲ್ಲಿ ಬಚ್ಚಲುಮನೆಯಲ್ಲಿ ಮಾಡಿದ್ದು. ಅಂಚೆಲ್ಲ ಕಂದಾಗಿ, ಬಿಳಿ ಭಾಗ ಹಳದಿಗೆ ತಿರುಗಿತ್ತು.

"ಸಾರ್, ಈ ಬಣ್ಣ ಬರ್ಬೇಕು. ಹಳೇ ಫೋಟೋ ಅಂದ್ರೆ ಹೀಗೇ ಅಲ್ವಾ?"

ಮೇಷ್ಟ್ರು ಪಕ್ಕದಿಂದಲೇ ಹೇಳಿದರು. "ಅದು ಬಣ್ಣ ಅಲ್ಲಮ್ಮ. ನಾನು ಸರಿಯಾಗಿ ತೊಳೀಲಿಲ್ಲ, ಅಷ್ಟೇ."

ಅವರು ಹೇಳಿದ್ದು ಪೂರ್ತಿ ನಿಜ. ಪ್ರಿಂಟನ್ನು ಹೈಪೋದಿಂದ (ಚಿತ್ರ ಬೆಳಕಿಗೆ ಕೆಡದಂತೆ ನಿಲ್ಲಿಸುವ ಫಿಕ್ಸರ್ ದ್ರಾವಣ) ತೆಗೆದ ಮೇಲೆ ಚೆನ್ನಾಗಿ ತೊಳೆಯದಿದ್ದರೆ ಅದರ ಗಂಧಕದ ಅಂಶ ಪೇಪರಿನ ನಾರಿನಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಕೂತು ಚಿತ್ರವಾಗಿ ನಿಂತ ಬೆಳ್ಳಿಯನ್ನು ಸಿಲ್ವರ್ ಸಲ್ಫೈಡ್ ಮಾಡುತ್ತದೆ. ತಮಾಷೆ ಅಂದರೆ ಸೀಪಿಯಾ ಟೋನಿಂಗ್‌ನಲ್ಲಿ (ಪ್ರಿಂಟನ್ನು ಟೋನರ್ ಎಂಬ ದ್ರಾವಣಕ್ಕೆ ಹಾಕಿ ಕಂದು ಬಣ್ಣಕ್ಕೆ ತಿರುಗಿಸುವುದು) ನಾವು ಬೇಕೆಂದೇ ಮಾಡುವುದೂ ಅದನ್ನೇ. ವ್ಯತ್ಯಾಸ ಇಷ್ಟು: ಟೋನರ್‌ನಲ್ಲಿ ಆದರೆ ಎಲ್ಲ ಕಡೆ ಸಮನಾಗಿ, ನಮಗೆ ಬೇಕಾದಷ್ಟು ಆಗುತ್ತದೆ, ಆಮೇಲೆ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ತೊಳೆಯದೆ ಬಿಟ್ಟಿದ್ದರಿಂದ ಆದರೆ ತೇಪೆ ತೇಪೆಯಾಗಿ ಆಗುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂದು ಯಾರೂ ಹೇಳುವ ಹಾಗಿಲ್ಲ.

ಹಾಗಾದರೆ ಏನು ಬೇಕು ಎಂದು ಮೇಷ್ಟ್ರನ್ನೇ ಕೇಳಿದೆ. "ನೆರಳು ಕಪ್ಪಾಗಿಯೇ ಇರ್ಲಿ. ಬಿಳಿ ಮಾತ್ರ ಸ್ವಲ್ಪ ಬೆಚ್ಚಗಾಗ್ಲಿ." ಡ್ರಾಯಿಂಗ್ ಮೇಷ್ಟ್ರು ನೋಡಿ, ಒಂದೇ ವಾಕ್ಯದಲ್ಲಿ ಇಡೀ ಕೆಲಸ ಹೇಳಿಬಿಟ್ಟರು. ನಾವು ಸ್ಪ್ಲಿಟ್ ಟೋನಿಂಗ್ ಅನ್ನುವುದು ಇದಕ್ಕೇ.

ಪೇಪರ್ ಮೊದಲೋ, ಟೋನರ್ ಮೊದಲೋ

ಸಾಮಾನ್ಯವಾಗಿ ಜನ ಮೊದಲು ಪೇಪರ್ ಕೊಳ್ಳುತ್ತಾರೆ, ಆಮೇಲೆ ಯಾವ ಟೋನರ್ ಹಾಕೋಣ ಎಂದು ಯೋಚಿಸುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ. ಕೊನೆಗೆ ಗೋಡೆಯ ಮೇಲೆ ಯಾವ ಬಣ್ಣ ಕಾಣಬೇಕು ಎಂಬುದು ಮೊದಲು. ಅದಕ್ಕೆ ಯಾವ ಟೋನರ್ ಎಂಬುದು ಎರಡನೆಯದು. ಆ ಟೋನರ್‌ಗೆ ಒಲಿಯುವ ಪೇಪರ್ ಯಾವುದು ಎಂಬುದು ಮೂರನೆಯದು. ಬೆಂಗಳೂರಿನಲ್ಲಿ ಇನ್ನೂ ಒಂದು ಸೇರಿಸಬೇಕು: ನಿಮ್ಮ ನಲ್ಲಿಯಲ್ಲಿ ಎಂಥ ನೀರು, ಎಷ್ಟು ನೀರು ಬರುತ್ತದೆ. ಈ ಪ್ರಕರಣದಲ್ಲಿ ಹೆಚ್ಚು ತಲೆ ತಿಂದದ್ದು ಅದೇ.

ಹಿಂದಿನಷ್ಟು ಆಯ್ಕೆ ಈಗಿಲ್ಲ. ಕೊಡಾಕ್ ಕಪ್ಪು ಬಿಳುಪು ಪೇಪರ್ ಮಾಡುವುದನ್ನು 2005ರಲ್ಲಿ ನಿಲ್ಲಿಸಿತು. ಅದೇ ವರ್ಷ ಆಗ್ಫಾಫೋಟೋ ದಿವಾಳಿಯಾಯಿತು. ಊಟಿಯ ಕಾರ್ಖಾನೆಯೂ ಮುಚ್ಚಿತು. ಇವತ್ತು ನಮ್ಮಂಥವರ ಕೈಗೆ ಸಿಗುವುದು ಮುಖ್ಯವಾಗಿ ಇಂಗ್ಲೆಂಡಿನ ಇಲ್ಫರ್ಡ್ ಮತ್ತು ಚೆಕ್ ದೇಶದ ಫೋಮಾ.

ಮೊದಲ ಪ್ರಶ್ನೆ ಆರ್‌ಸಿ ಪೇಪರೋ, ಫೈಬರ್ ಪೇಪರೋ. ಆರ್‌ಸಿ ಅಂದರೆ ಎರಡೂ ಬದಿಗೆ ಪ್ಲಾಸ್ಟಿಕ್ ಪದರ ಇರುವ ಪೇಪರ್. ನೀರು ಒಳಗೆ ಇಳಿಯುವುದಿಲ್ಲ. ಎರಡು ನಿಮಿಷ ತೊಳೆದರೆ ಮುಗಿಯಿತು. ಫೈಬರ್ ಅಂದರೆ ಬರೀ ಕಾಗದ, ಅದರ ಮೇಲೆ ಬರೈಟಾ ಎಂಬ ಬಿಳಿ ಪದರ, ಅದರ ಮೇಲೆ ಎಮಲ್ಶನ್, ಅಂದರೆ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಪದರ. ಅದು ಹೈಪೋವನ್ನು ಕುಡಿಯುತ್ತದೆ, ಕುಡಿದದ್ದನ್ನು ಸುಲಭವಾಗಿ ಬಿಡುವುದಿಲ್ಲ. ವಾಷ್ ಏಡ್ (ಹೈಪೋ ಬೇಗ ಬಿಡಿಸುವ ದ್ರಾವಣ) ಇಲ್ಲದೆ ಹರಿಯುವ ನೀರಿನಲ್ಲಿ ತೊಳೆದರೆ ಒಂದು ಗಂಟೆ ಬೇಕು. ನಿಮಿಷಕ್ಕೆ 5 ಲೀಟರ್ ಅಂತ ಹಿಡಿದರೂ 300 ಲೀಟರ್ ಆಯಿತು. ಅದೇ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಫೋಟೋ ತೊಳೆಯುವುದರ ಬಗ್ಗೆ ಆದೇಶದಲ್ಲಿ ಏನೂ ಇರಲಿಲ್ಲ, ಬಿಡಿ. ಆದರೂ ಬೀದಿಯಲ್ಲಿ ಜನ ಕೊಡ ಹಿಡಿದು ಟ್ಯಾಂಕರ್‌ಗೆ ಕಾಯುತ್ತಿರುವಾಗ ಒಂದು ಗಂಟೆ ನಲ್ಲಿ ಬಿಟ್ಟು ಕೂರುವುದಕ್ಕೆ ಮನಸ್ಸು ಬರುತ್ತದೆಯೇ?

ಹಾಗಾಗಿ ಆರ್‌ಸಿ ಯಾಕಾಗಬಾರದು ಎಂದು ನಿಜವಾಗಿಯೂ ಯೋಚಿಸಿದೆ. ಈಗಿನ ಆರ್‌ಸಿ ಪೇಪರ್‌ಗಳು ಒಳ್ಳೆಯವೇ. ಟೋನರ್ ಕೂಡ ಬೇಗ ಹಿಡಿಯುತ್ತವೆ. ಆದರೆ ಫ್ರೇಮಿನೊಳಗೆ ಗಾಜಿನ ಹಿಂದೆ, ಬೆಳಕು ಬೀಳುವ ಗೋಡೆಯ ಮೇಲೆ ವರ್ಷಗಟ್ಟಲೆ ಇರುವ ಪ್ರಿಂಟ್ ಅಂದರೆ ನನಗೆ ಇನ್ನೂ ಧೈರ್ಯ ಇಲ್ಲ. ಪ್ಲಾಸ್ಟಿಕ್ ಪದರದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಬೆಳಕಿಗೆ ಬಿದ್ದು ಆಕ್ಸಿಡೀಕರಣಕ್ಕೆ ದಾರಿ ಮಾಡುತ್ತದೆ. ಟೋನ್ ಮಾಡದ ಹಳೆ ಆರ್‌ಸಿ ಪ್ರಿಂಟ್‌ಗಳ ಮೇಲೆ ಕಿತ್ತಳೆ ಚುಕ್ಕೆ, ಕನ್ನಡಿಯಂಥ ಹೊಳಪು ಬಂದದ್ದನ್ನು ಅನೇಕರು ನೋಡಿದ್ದೀರಿ. ಹಾಗಾಗಿ ಆರ್‌ಸಿಯನ್ನು ಕಾಂಟ್ಯಾಕ್ಟ್ ಶೀಟ್ ಮತ್ತು ಪ್ರೂಫ್‌ಗಷ್ಟೇ ಬಳಸಿದೆ. ಅಂತಿಮ ಪ್ರಿಂಟ್‌ಗೆ ಫೈಬರ್ ಎಂದು ತೀರ್ಮಾನ. ನೀರಿಗೆ ಬೇರೆ ದಾರಿ ಹುಡುಕಬೇಕಾಯಿತು.

ಫೈಬರ್‌ನಲ್ಲಿ ಕಣಕ್ಕಿಳಿದದ್ದು ಮೂರು. ಇಲ್ಫರ್ಡ್ ಮಲ್ಟಿಗ್ರೇಡ್ ಎಫ್‌ಬಿ ಕ್ಲಾಸಿಕ್, ಅದೇ ಕಂಪನಿಯ ಎಫ್‌ಬಿ ವಾರ್ಮ್‌ಟೋನ್, ಮತ್ತು ಫೋಮಾಟೋನ್. ಮೂರರಲ್ಲೂ ಒಂದೇ ನೆಗೆಟಿವ್ ಪ್ರಿಂಟ್ ಮಾಡಿ, ಪ್ರತಿಯೊಂದನ್ನೂ ಉದ್ದುದ್ದ ಪಟ್ಟಿ ಕತ್ತರಿಸಿ, ಬೇರೆ ಬೇರೆ ಟೋನರ್‌ಗೆ ಹಾಕಿದೆ. ನೆಗೆಟಿವ್ ಆಯ್ಕೆಯಲ್ಲೂ ಸ್ವಲ್ಪ ಲೆಕ್ಕಾಚಾರ ಇತ್ತು. ಪರಿಷೆಯಲ್ಲಿ ಹೆಂಗಸೊಬ್ಬರು ಸೇರಿನಲ್ಲಿ ಕಡಲೆಕಾಯಿ ಅಳೆಯುತ್ತಿರುವ ಚಿತ್ರ. ಹಿಂದೆ ನಿಂತವರ ಬಿಳಿ ಪಂಚೆ, ಮುಂದೆ ರಾಶಿಯ ನೂರೆಂಟು ನಡುವಣ ಬೂದು ಬಣ್ಣಗಳು, ಮೂಲೆಯಲ್ಲಿ ಬಂಡಿಯ ಕೆಳಗಿನ ಗಾಢ ಕತ್ತಲು. ಟೋನರ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಇಂಥ ಚಿತ್ರದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ವಾರ್ಮ್‌ಟೋನ್ ಪೇಪರಿನಲ್ಲಿ ಬೆಳ್ಳಿಯ ಕಣ ಸಣ್ಣದು. ಕ್ಲೋರೈಡ್ ಅಂಶ ಜಾಸ್ತಿ ಇರುವ ಎಮಲ್ಶನ್. ಕಣ ಸಣ್ಣದಾದಷ್ಟೂ ಅದು ನೀಲಿ ಬೆಳಕನ್ನು ಜಾಸ್ತಿ ನುಂಗುತ್ತದೆ, ಹಾಗಾಗಿ ಚಿತ್ರ ಕಂದಾಗಿ ಕಾಣುತ್ತದೆ. ಸಣ್ಣ ಕಣಕ್ಕೆ ಹೊರಮೈ ಜಾಸ್ತಿ, ಅದಕ್ಕೇ ಟೋನರ್ ಕೂಡ ಬೇಗ ತಾಗುತ್ತದೆ. ಸೆಲೇನಿಯಂ ಟೋನರ್ 1+9ರಲ್ಲಿ (ಒಂದು ಪಾಲು ಟೋನರ್, ಒಂಬತ್ತು ಪಾಲು ನೀರು) ಹಾಕಿದಾಗ ಫೋಮಾಟೋನ್ ಕೆಲವೇ ನಿಮಿಷದಲ್ಲಿ ಕೆಂಪು ಮಿಶ್ರಿತ ಕಂದಿಗೆ ಹೊರಟಿತು. ಇಲ್ಫರ್ಡ್ ವಾರ್ಮ್‌ಟೋನ್ ನಿಧಾನವಾಗಿ ಚಾಕೊಲೇಟ್ ಕಡೆಗೆ ಹೋಯಿತು. ಕ್ಲಾಸಿಕ್ ಬಣ್ಣ ಬದಲಾಯಿಸಿತೇ ಎಂದು ಪಕ್ಕದಲ್ಲಿ ಟೋನ್ ಮಾಡದ ಪಟ್ಟಿ ಇಟ್ಟು ನೋಡಬೇಕಾಯಿತು. ಬಣ್ಣ ಅಷ್ಟಾಗಿ ಬದಲಾಗದಿದ್ದರೂ ಕಪ್ಪು ಮಾತ್ರ ಇನ್ನಷ್ಟು ಆಳಕ್ಕೆ ಇಳಿದಿತ್ತು.

ಫೋಮಾಟೋನ್ ನನಗೆ ಬಹಳ ಇಷ್ಟದ ಪೇಪರ್. ಆದರೆ ಇಲ್ಲಿ ಅದು ಬೇಡವೆನಿಸಿತು. ಅದರ ನೆರಳು ಕೆಂಪಾಗುತ್ತದೆ. ಮೇಷ್ಟ್ರು ಕೇಳಿದ್ದು ಕಪ್ಪು ನೆರಳು. ಕ್ಲಾಸಿಕ್‌ನ ತಳದ ಬಿಳಿ ತಣ್ಣಗಿನದು, ಅದನ್ನು ಬೆಚ್ಚಗೆ ಮಾಡಲು ಸೀಪಿಯಾ ಜಾಸ್ತಿ ಹಾಕಬೇಕಾಗುತ್ತಿತ್ತು. ಉಳಿದದ್ದು ಇಲ್ಫರ್ಡ್ ವಾರ್ಮ್‌ಟೋನ್. ಹೊಳಪಿನದು ಬೇಡ, ಸೆಮಿ ಮ್ಯಾಟ್. ಹಜಾರದ ಕಿಟಕಿ ಎದುರಿಗೇ ಇದ್ದದ್ದರಿಂದ ಗಾಜಿನ ಪ್ರತಿಫಲನವೇ ಸಾಕಾಗಿತ್ತು. ಈ ಪೇಪರ್ ಕ್ಲಾಸಿಕ್‌ಗಿಂತ ಸುಮಾರು ಒಂದು ಸ್ಟಾಪ್ ನಿಧಾನ, ಅಂದರೆ ಎರಡು ಪಟ್ಟು ಬೆಳಕು ಬೇಕು. ಎನ್‌ಲಾರ್ಜರ್ ಕೆಳಗೆ ಡಾಡ್ಜಿಂಗ್ (ಚಿತ್ರದ ಒಂದು ಭಾಗಕ್ಕೆ ಸ್ವಲ್ಪ ಹೊತ್ತು ಬೆಳಕು ಮರೆಮಾಡುವುದು) ಮಾಡುವವರಿಗೆ ಅದೊಂದು ಅನುಕೂಲವೇ.

ನೀಲಿ ಚುಕ್ಕೆ

ಮೇಷ್ಟ್ರು ಕೇಳಿದ ಬಣ್ಣಕ್ಕೆ ಕ್ರಮ ಹೀಗೆ. ಮೊದಲು ತೀರಾ ತೆಳು ಬ್ಲೀಚ್‌ನಲ್ಲಿ ಸ್ವಲ್ಪ ಹೊತ್ತು ಹಾಕಿ ಬಿಳಿ ಭಾಗದ ಬೆಳ್ಳಿಯನ್ನಷ್ಟೇ ಕರಗಿಸಿದ ಹಾಗೆ ಮಾಡುವುದು. ಬ್ಲೀಚ್ ಯಾವಾಗಲೂ ತಿಳಿ ಭಾಗದಿಂದ ಶುರು ಮಾಡುತ್ತದೆ. ಅದನ್ನು ಸೀಪಿಯಾ ಬಾತ್‌ನಲ್ಲಿ ಮತ್ತೆ ಎಬ್ಬಿಸುವುದು. ಚೆನ್ನಾಗಿ ತೊಳೆಯುವುದು. ಆಮೇಲೆ ಸೆಲೇನಿಯಂ. ಅದು ಗಾಢ ಭಾಗದಿಂದ ಶುರು ಮಾಡುತ್ತದೆ. ಇಬ್ಬರೂ ಎರಡು ತುದಿಯಿಂದ ಬಂದು ನಡುವೆ ಸೇರುತ್ತಾರೆ.

ಬ್ಲೀಚ್‌ಗೆ ಪೊಟ್ಯಾಶಿಯಂ ಫೆರಿಸಯನೈಡ್ 50 ಗ್ರಾಂ, ಪೊಟ್ಯಾಶಿಯಂ ಬ್ರೋಮೈಡ್ 50 ಗ್ರಾಂ, ಒಂದು ಲೀಟರ್ ನೀರು. ಬಳಸುವಾಗ 1+9. ಸೀಪಿಯಾಕ್ಕೆ ಹಳೆ ಕಾಲದ ಸೋಡಿಯಂ ಸಲ್ಫೈಡ್ ಬದಲು ಥಯೋಯೂರಿಯ ಮತ್ತು ಕಾಸ್ಟಿಕ್ ಸೋಡಾ. ಸಲ್ಫೈಡ್‌ನ ಕೊಳೆತ ಮೊಟ್ಟೆ ವಾಸನೆ ನಮ್ಮ ಬೀದಿಯಲ್ಲಿ ಎದ್ದರೆ ಪಕ್ಕದ ಮನೆಯ ಅಜ್ಜಿ ಏನು ಅಂದುಕೊಂಡಾರು! ಅದು ಹೋಗಲಿ, ಆ ಹೊಗೆ ಬಳಸದ ಪೇಪರನ್ನೂ ಫಾಗ್ ಮಾಡುತ್ತದೆ, ಅಂದರೆ ಮಬ್ಬಾಗಿಸುತ್ತದೆ. ಥಯೋಯೂರಿಯಕ್ಕೆ ವಾಸನೆ ಇಲ್ಲ. ಆದರೆ ಕೈಗವಸು ಕಡ್ಡಾಯ, ಅದು ಒಳ್ಳೆಯ ವಸ್ತುವಲ್ಲ. ಇನ್ನೊಂದು ಲಾಭ, ಬಣ್ಣ ತಿರುಗಿಸಬಹುದು. ಥಯೋಯೂರಿಯ ಜಾಸ್ತಿಯಾದರೆ ಹಳದಿ ಕಡೆಗೆ, ಕಾಸ್ಟಿಕ್ ಸೋಡಾ ಜಾಸ್ತಿಯಾದರೆ ಗಾಢ ಕಂದಿನ ಕಡೆಗೆ. ಇಲ್ಲಿ ಎರಡನೆಯದೇ ಬೇಕಿತ್ತು.

ಪರೀಕ್ಷೆಯ ಪಟ್ಟಿಗಳೆಲ್ಲ ಚೆನ್ನಾಗಿ ಬಂದವು. ಪೂರ್ತಿ ಸೈಜಿನ ಮೊದಲ ಪ್ರಿಂಟ್ ಬ್ಲೀಚ್‌ಗೆ ಹೋದಾಗ ಬಿಳಿ ಪಂಚೆಯ ಮೇಲೆ ಸೂಜಿಮೊನೆಯಷ್ಟು ನೀಲಿ ಚುಕ್ಕೆಗಳು ಎದ್ದವು. ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡಿದರೆ ಪ್ರತಿ ಚುಕ್ಕೆಗೂ ಒಂದು ಸಣ್ಣ ಬಾಲ, ಎಲ್ಲ ಬಾಲವೂ ಟ್ರೇ ಅಲ್ಲಾಡಿಸಿದ ದಿಕ್ಕಿಗೇ. ಅಂದರೆ ಮೇಲೆ ಏನೋ ಕೂತು, ಅಲ್ಲಿಂದ ಬಣ್ಣ ಬಿಟ್ಟಿದೆ. ಸೀಪಿಯಾ ಬಾತ್‌ಗೆ ಹಾಕಿದ ಮೇಲೆ ನೀಲಿ ಹೋಯಿತು. ಅದರ ಜಾಗದಲ್ಲಿ ತೆಳು ತುಕ್ಕಿನ ಬಣ್ಣದ ಗುರುತು ಉಳಿಯಿತು.

ನೀಲಿ ಹೋಗಿ ತುಕ್ಕು ಉಳಿಯಿತು ಅಂದರೆ ಸಂಶಯವೇ ಇಲ್ಲ, ಕಬ್ಬಿಣ. ಫೆರಿಸಯನೈಡ್ ಬೆಳ್ಳಿಯನ್ನು ಬ್ಲೀಚ್ ಮಾಡುತ್ತಾ ತಾನು ಫೆರೋಸಯನೈಡ್ ಆಗುತ್ತದೆ. ಅದಕ್ಕೆ ಕಬ್ಬಿಣದ ಕಣ ಸಿಕ್ಕರೆ ಪ್ರಶ್ಯನ್ ಬ್ಲೂ ಹುಟ್ಟುತ್ತದೆ. ಹಳೆ ಕಟ್ಟಡದ ನಕ್ಷೆಗಳ ಬ್ಲೂಪ್ರಿಂಟ್ ಇದೆಯಲ್ಲ, ಅದೇ ನೀಲಿ. ಕಾಸ್ಟಿಕ್ ಸೋಡಾ ಅದನ್ನು ಒಡೆದು ಕಬ್ಬಿಣವನ್ನು ತುಕ್ಕಾಗಿ ಬಿಟ್ಟುಹೋಗುತ್ತದೆ.

ಕಬ್ಬಿಣ ಬಂದದ್ದು ಎಲ್ಲಿಂದ? ಟ್ರೇಗಳು ಪ್ಲಾಸ್ಟಿಕ್, ಇಕ್ಕಳವೂ ಪ್ಲಾಸ್ಟಿಕ್. ಉಳಿದದ್ದು ನೀರು. ಪಟ್ಟಿಗಳನ್ನು ಪರೀಕ್ಷೆ ಮಾಡಿದ ದಿನ ಕಾವೇರಿ ನೀರು ಬಂದಿತ್ತು. ಪ್ರಿಂಟ್ ಮಾಡುವ ಹೊತ್ತಿಗೆ ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪ್‌ಗೆ, ಟ್ಯಾಂಕರ್‌ನಿಂದ ಬೋರ್‌ವೆಲ್ ನೀರು ತುಂಬಿಸಿದ್ದರು. ಅದು ಬಿದ್ದ ರಭಸಕ್ಕೆ ಸಂಪಿನ ತಳದ ಕೆಸರು ಎದ್ದು, ಹಳೆ ಜಿಐ ಪೈಪಿನ ತುಕ್ಕೂ ಸೇರಿ ಬಂದಿರಬೇಕು. ನಲ್ಲಿಗೆ ಬಿಳಿ ಬಟ್ಟೆ ಕಟ್ಟಿ ಒಂದು ಬಕೆಟ್ ನೀರು ಹಿಡಿದೆ. ಬಟ್ಟೆಯ ಮೇಲೆ ಕಂದು ಪುಡಿ. ಅದರ ಮೇಲೆ ಒಂದು ಹನಿ ವಿನೆಗರ್, ಒಂದು ಹನಿ ಬಳಸಿದ ಬ್ಲೀಚ್. ನೋಡ್ತಾ ನೋಡ್ತಾ ಬಟ್ಟೆ ನೀಲಿಯಾಯಿತು.

ಪರಿಹಾರ ದುಬಾರಿಯದ್ದೇನಲ್ಲ. ಬ್ಲೀಚ್ ಮಾಡುವುದಕ್ಕೂ, ಬ್ಲೀಚ್‌ಗೆ ಮುಂಚಿನ ಕೊನೆಯ ತೊಳೆತಕ್ಕೂ 20 ಲೀಟರ್ ಕ್ಯಾನ್ ನೀರು. ನಲ್ಲಿಗೆ ಒಂದು ಸೆಡಿಮೆಂಟ್ ಫಿಲ್ಟರ್. ಟೋನಿಂಗ್ ಮಾಡುವವರೆಲ್ಲ ಕೆಮಿಕಲ್ ಶುದ್ಧತೆಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಮೊದಲು ನೋಡಬೇಕಾದ್ದು ಸಂಪ್.

ಕಡಿಮೆ ನೀರಿನಲ್ಲಿ ತೊಳೆಯುವುದು

ಸೀಪಿಯಾಗೆ ಮುಂಚೆ ಹೈಪೋ ಪೂರ್ತಿ ಹೋಗಿರಲೇಬೇಕು. ಹೈಪೋ ಇದ್ದಲ್ಲಿ ಫೆರಿಸಯನೈಡ್ ಸೇರಿದರೆ ಅದು ಫಾರ್ಮರ್ಸ್ ರೆಡ್ಯೂಸರ್. ಬ್ಲೀಚ್ ಆದ ಬೆಳ್ಳಿ ಕರಗಿ ಹೊರಟೇ ಹೋಗುತ್ತದೆ, ಯಾವ ಬಾತ್‌ನಲ್ಲೂ ವಾಪಸ್ ಬರುವುದಿಲ್ಲ. ಪಂಚೆಯ ನೆರಿಗೆಗಳು ಹೋದವು ಅಂದರೆ ಹೋದವೇ. ಹಾಗಾಗಿ ನೀರು ಉಳಿಸಲು ತೊಳೆಯುವುದನ್ನು ಕಡಿಮೆ ಮಾಡುವ ಮಾತೇ ಇಲ್ಲ.

ತೊಳೆಯುವುದು ಅಂದರೆ ಒಳಗಿನ ಹೈಪೋ ಹೊರಗಿನ ನೀರಿಗೆ ಇಳಿದು ಬರುವುದು. ಅದಕ್ಕೆ ಸಮಯ ಬೇಕು, ಹೊಸ ನೀರು ಬೇಕು. ನೀರು ಹರಿಯಲೇಬೇಕು ಎಂದೇನಿಲ್ಲ. ಇಲ್ಫರ್ಡ್‌ನವರು ಹೇಳುವ ಕ್ರಮವನ್ನೇ ಹಿಡಿದೆ: ಗಟ್ಟಿ ರ್‍ಯಾಪಿಡ್ ಫಿಕ್ಸರ್‌ನಲ್ಲಿ, 1+4ರಲ್ಲಿ, ಒಂದೇ ನಿಮಿಷ. ಹೊತ್ತು ಕಡಿಮೆಯಾದಷ್ಟೂ ಕಾಗದ ಹೈಪೋ ಕುಡಿಯುವುದು ಕಡಿಮೆ. ಆಮೇಲೆ 5 ನಿಮಿಷ ನೀರು, 10 ನಿಮಿಷ ವಾಷ್ ಏಡ್, ಮತ್ತೆ 5 ನಿಮಿಷ ನೀರು. ಕೊನೆಯದನ್ನು ಮಾತ್ರ ಹರಿಯುವ ನೀರಿನ ಬದಲು ಟ್ರೇ ತುಂಬಿಸಿ, ನೆನೆಸಿ, ಚೆಲ್ಲಿ, ಮತ್ತೆ ತುಂಬಿಸುವ ರೀತಿ ಮಾಡಿ, ಹೊತ್ತು ಜಾಸ್ತಿ ಕೊಟ್ಟೆ. ಒಂದು ಸಲಕ್ಕೆ 2 ಲೀಟರ್, ಹತ್ತು ಸಲ ಬದಲಾಯಿಸಿದರೂ 20 ಲೀಟರ್. ಮೊದಲ ಒಂದೆರಡು ಸಲಕ್ಕೆ ಬಟ್ಟೆಯಲ್ಲಿ ಸೋಸಿದ ಆರ್‌ಒ ವೇಸ್ಟ್ ನೀರು ಸಾಕು. ಬೇಸಿಗೆಯಲ್ಲಿ ನಮ್ಮ ನೀರು ಬೆಚ್ಚಗಿರುವುದು ಇಲ್ಲಿ ಸಹಾಯವೇ, ಹೈಪೋ ಬೇಗ ಬಿಡುತ್ತದೆ. ಡೆವಲಪರ್‌ಗೆ (ಚಿತ್ರ ಮೂಡಿಸುವ ದ್ರಾವಣ) ಮಾತ್ರ ಅದೇ ತೊಂದರೆ. ಹೊರಗಿನ ದೊಡ್ಡ ಟ್ರೇನಲ್ಲಿ ಫ್ರೀಜರ್‌ನಿಂದ ತೆಗೆದ ನೀರಿನ ಬಾಟಲಿ ಇಟ್ಟು 20 ಡಿಗ್ರಿ ಹತ್ತಿರ ತಂದುಕೊಂಡೆ. ವಾರ್ಮ್‌ಟೋನ್ ಪೇಪರ್‌ನ ಬಣ್ಣ ಡೆವಲಪ್ ಆದಷ್ಟಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಡಜನ್ ಪ್ರಿಂಟ್ ಒಂದೇ ಗೋಡೆಗೆ ಹೋಗುವಾಗ ಅದು ಏರುಪೇರಾಗಬಾರದು.

ಸರಿಯಾಗಿ ತೊಳೆದಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಪ್ರತಿ ಸಲವೂ ಒಂದು ಬಿಳಿ ಪಟ್ಟಿಯನ್ನು ಪ್ರಿಂಟ್‌ಗಳ ಜೊತೆಗೇ ಕಳಿಸಿ, ಕೊನೆಗೆ ಅದರ ಮೇಲೆ ಸಿಲ್ವರ್ ನೈಟ್ರೇಟ್ ಮತ್ತು ಅಸಿಟಿಕ್ ಆಸಿಡ್ ಕಲಸಿದ ಎಚ್‌ಟಿ-2 ದ್ರಾವಣದ ಹನಿ ಹಾಕಿ ನೋಡಿದೆ. ಹೈಪೋ ಉಳಿದಿದ್ದರೆ ಕಂದು ಕಲೆ. ನೆನೆಸಿ ಚೆಲ್ಲಿದ ಪಟ್ಟಿಯಲ್ಲೂ, ಹೋಲಿಕೆಗೆಂದು ನಲ್ಲಿಯಡಿ ತೊಳೆದ ಒಂದು ಪಟ್ಟಿಯಲ್ಲೂ ಕಲೆ ಹೆಚ್ಚುಕಡಿಮೆ ಒಂದೇ ತೆಳು.

ಬಸವಣ್ಣ, ಮಾರ್ಕೆಟ್

ಸೀಪಿಯಾ ಚಿತ್ರವನ್ನು ಸ್ವಲ್ಪ ತಿಳಿ ಮಾಡುತ್ತದೆ, ಸೆಲೇನಿಯಂ ಗಾಢ ಮಾಡುತ್ತದೆ, ಫೈಬರ್ ಪೇಪರ್ ಒಣಗಿದ ಮೇಲೆ ಇನ್ನೊಂದಿಷ್ಟು ಕಪ್ಪಾಗುತ್ತದೆ. ಮೂರನ್ನೂ ಲೆಕ್ಕ ಹಿಡಿದು ಎಕ್ಸ್‌ಪೋಷರ್ ಕೊಡಬೇಕು. ಹೇರ್ ಡ್ರೈಯರ್‌ನಲ್ಲಿ ಟೆಸ್ಟ್ ಸ್ಟ್ರಿಪ್ ಒಣಗಿಸದೆ ಯಾವ ತೀರ್ಮಾನವನ್ನೂ ಮಾಡಲಿಲ್ಲ. ಒದ್ದೆ ಪ್ರಿಂಟ್ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ.

ದೊಡ್ಡ ಬಸವಣ್ಣನ ಚಿತ್ರಕ್ಕೆ ಸೀಪಿಯಾ ಹಾಕಲೇ ಇಲ್ಲ. ಎಣ್ಣೆ ಹಚ್ಚಿ ಹಚ್ಚಿ ಮಿರುಗುವ ಕರಿಕಲ್ಲು ಅದು. ಬರೀ ಸೆಲೇನಿಯಂ, 1+20, ಕಪ್ಪು ತಳ ಸೇರುವವರೆಗೆ. ಕೊಂಬಿನ ಕೆಳಗಿನ ನೆರಳಿನಲ್ಲಿ ಮೊದಲು ಬೂದಾಗಿದ್ದ ಮಬ್ಬು ಹೋಗಿ ಕಲ್ಲಿನ ತೂಕ ಬಂತು. ಇಂಥ ತೆಳು ಸೆಲೇನಿಯಂ ಚಿತ್ರವನ್ನು ಪೂರ್ತಿ ಕಾಪಾಡುತ್ತದೆ ಎಂದು ನಂಬುವವರು ಇನ್ನೂ ಇದ್ದಾರೆ. ರೋಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಮೈಕ್ರೋಫಿಲ್ಮ್ ಮೇಲೆ ಪರೀಕ್ಷೆ ಮಾಡಿ, ಅದು ಗಾಢ ಭಾಗವನ್ನು ಕಾಯುತ್ತದೆ, ತಿಳಿ ಭಾಗವನ್ನು ಅಷ್ಟಾಗಿ ಕಾಯುವುದಿಲ್ಲ, ಪೂರ್ತಿ ರಕ್ಷಣೆಗೆ ಸಲ್ಫೈಡ್ ಬಗೆಯ ಟೋನಿಂಗೇ ವಾಸಿ ಎಂದು ತೋರಿಸಿತು. ಬಸವಣ್ಣನ ಚಿತ್ರದಲ್ಲಿ ತಿಳಿ ಭಾಗವೇ ಕಡಿಮೆ, ಅದಕ್ಕೇ ಆ ಧೈರ್ಯ.

ಮಾರ್ಕೆಟ್‌ನ ಎರಡು ಚಿತ್ರಗಳ ವಿಷಯದಲ್ಲಿ ಮಗಳಿಗೂ ನನಗೂ ಒಮ್ಮತ ಬರಲಿಲ್ಲ. ಮಳೆ ನಿಂತ ಮೇಲಿನ ಒದ್ದೆ ಟಾರು, ಬೂದು ಆಕಾಶ, ಪ್ಲಾಸ್ಟಿಕ್ ಹೊದ್ದ ಹೂವಿನ ಬುಟ್ಟಿಗಳು. ಬೆಚ್ಚಗಿನ ಬಣ್ಣ ಹಾಕಿದರೆ ಮಳೆಯೇ ಹೋಗಿಬಿಡುತ್ತದೆ. ಅವನ್ನು ಕ್ಲಾಸಿಕ್ ಪೇಪರ್‌ನಲ್ಲಿ, ತೆಳು ಸೆಲೇನಿಯಂನಲ್ಲಿ ತೆಗೆದೆ. "ಎಲ್ಲಾ ಒಂದೇ ಥರ ಇದ್ರೆ ಚೆನ್ನಾಗಿರುತ್ತೆ ಅಲ್ವಾ ಸಾರ್?" ಎಂದರು. ಗೋಡೆಯ ಮಟ್ಟಿಗೆ ಅವರ ಮಾತು ಸರಿ. ಚಿತ್ರದ ಮಟ್ಟಿಗೆ ನನ್ನದು ಸರಿ ಎಂದು ಈಗಲೂ ಅನಿಸುತ್ತದೆ. ಮೇಷ್ಟ್ರು ಮಧ್ಯೆ ಬಂದು ಅವೆರಡನ್ನು ತಮ್ಮ ಕೋಣೆಗೆ ಎತ್ತಿಕೊಂಡು ಹೋದರು. ಹಜಾರದ ಗೋಡೆಗೆ ಹತ್ತೇ.

ಒಣಗಿಸಿದ್ದು ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿಯ ಚೌಕಟ್ಟಿನ ಮೇಲೆ, ಮುಖ ಕೆಳಗೆ ಮಾಡಿ. ಆ ಒಣಹವೆಗೆ ಪ್ರಿಂಟ್‌ಗಳು ಹಪ್ಪಳದ ಹಾಗೆ ಸುರುಳಿ ಸುತ್ತಿದವು. ಆಸಿಡ್ ಇಲ್ಲದ ಕಾಗದದ ನಡುವೆ ಇಟ್ಟು, ಮೇಲೆ ಪ್ಲೈವುಡ್, ಅದರ ಮೇಲೆ ಹಳೆ ವಾರ್ಷಿಕ ಸಂಚಿಕೆಗಳು. ಕೆಲವು ದಿನಕ್ಕೆ ಚಪ್ಪಟೆಯಾದವು. ಪ್ರತಿಯೊಂದರ ಹಿಂದೆಯೂ ಮೆತ್ತನೆಯ ಪೆನ್ಸಿಲ್‌ನಲ್ಲಿ ಪೇಪರ್, ಟೋನರ್, ಹೊತ್ತು ಬರೆದಿದ್ದೇನೆ.

ಸೆಲೇನಿಯಂ ದ್ರಾವಣವನ್ನು ಚೆಲ್ಲಿಲ್ಲ. ವಿಷ ಅದು, ಚರಂಡಿಗೆ ಹೋಗಬಾರದು. ಸೋಸಿಟ್ಟು, ಶಕ್ತಿ ಕುಂದಿದಾಗ ಹೊಸ ಟೋನರ್ ಸೇರಿಸುತ್ತಾ ಹೋದರೆ ವರ್ಷಗಟ್ಟಲೆ ಬಳಸಬಹುದು. ಬಳಸುವಾಗ ಕಿಟಕಿ ತೆರೆದಿರಲಿ, ಅಮೋನಿಯ ಮೂಗಿಗೆ ಹೊಡೆಯುತ್ತದೆ.

ಮೇಷ್ಟ್ರು ಈಗ ಇನ್ನೊಂದು ಡಬ್ಬಿ ನೆಗೆಟಿವ್ ಕೊಟ್ಟಿದ್ದಾರೆ. ಲಾಲ್‌ಬಾಗಿನ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ. ಗಾಜಿನಿಂದ ಇಳಿಯುವ ಬೆಳಕು ತುಂಬಿರುವ ಚಿತ್ರಗಳು, ಬಿಳಿ ಶುಭ್ರವಾಗಿಯೇ ಇರಬೇಕು. ಅದಕ್ಕೆ ವಾರ್ಮ್‌ಟೋನ್‌ನ ತಳ ಹೊಂದುವುದಿಲ್ಲ, ಕ್ಲಾಸಿಕ್ ಎಂದು ಹೇಳಿದ್ದೇನೆ. ಮಗಳು ಈ ಸಲವೂ ಕಂದೇ ಕೇಳುತ್ತಿದ್ದಾರೆ. ಎರಡರಲ್ಲೂ ಒಂದೊಂದು ತೆಗೆದು ಅವರ ಹಜಾರದಲ್ಲೇ ಇಟ್ಟು ನೋಡುವುದೆಂದು ಮಾತಾಗಿದೆ.